ಗೋಡೆ ಮಣ್ಣಿಗೆ ಸೇರುವ ಜಾಗ: ಪುಟ್ಟ ಮಾದರಿ ರೈಲಿಗೆ ನೆಲ, ಬಂಡೆ ಮತ್ತು ಕಟ್ಟಡ

(ಬೆಂಗಳೂರಿನಲ್ಲಿ ಹವ್ಯಾಸಿಗಳ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬೆಂಗಳೂರಿನಲ್ಲಿ ‘ಲೇಔಟ್’ ಎಂದೊಡನೆ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ ಅದು ಬಿಡಿಎಯದೋ ಖಾಸಗಿಯದೋ ಎಂಬುದು. ಎರಡನೆಯ ಪ್ರಶ್ನೆ ಸೈಟು ಎಷ್ಟಕ್ಕೆ ಎಷ್ಟು ಎಂಬುದು. ನನ್ನ ಲೇಔಟು, ಎಂದರೆ ಮಾದರಿ ರೈಲು ಓಡುವ ಪುಟ್ಟ ಊರು, 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಒಂದು ಪ್ಲೈವುಡ್ ಹಲಗೆ, ಅದು ಮಲಗುವ ಕೋಣೆಯ ಬೀರುವಿನ ಮೇಲಿರುತ್ತದೆ ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆದರೂ ಆ ಎರಡನೆಯ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಬಾರದು. ಎಚ್‌ಓ ಎಂದು ಕರೆಯುವ ಅಳತೆಯಲ್ಲಿ ನಿಜವಾದ 87 ಮಿಲಿಮೀಟರ್ ನಮ್ಮಲ್ಲಿ 1 ಮಿಲಿಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ, ಈ ಊರಿನ ಪ್ರತಿಯೊಬ್ಬರಿಗೂ ಕಣ್ಣಳತೆಯಿಂದಲೇ ಗೊತ್ತಿರುವ ಮೂವತ್ತು ನಲವತ್ತರ ಸೈಟು ಹತ್ತೂವರೆ ಸೆಂಟಿಮೀಟರ್‌ಗೆ ಹದಿನಾಲ್ಕು ಸೆಂಟಿಮೀಟರ್ ಆಗುತ್ತದೆ, ಎಂದರೆ ಒಂದು ಅಂಚೆ ಕಾರ್ಡಿನಷ್ಟು. ರಸ್ತೆಯನ್ನೂ ಹಳಿಯನ್ನೂ ಬಿಟ್ಟು ಒತ್ತಾಗಿ ಜೋಡಿಸಿದರೆ ನನ್ನ ಹಲಗೆಯ ಮೇಲೆ ಅಂಥ ಮೂವತ್ತಮೂರು ಸೈಟು ಹಿಡಿಸುತ್ತವೆ. ಹಲಗೆ ಎಷ್ಟು ಚಿಕ್ಕದು ಎಂಬುದು ನನಗೆ ಮನದಟ್ಟಾದದ್ದು ಆ ಲೆಕ್ಕ ಹಾಕಿದ ದಿನ. ಅದುವರೆಗೆ ನನ್ನ ಕಾಗದದ ನಕ್ಷೆಯಲ್ಲಿ ಒಂದು ನಿಲ್ದಾಣ, ಒಂದು ಗೂಡ್ಸ್ ಶೆಡ್ಡು, ಒಂದು ಹಳ್ಳಿ, ಒಂದು ಕೆರೆ ಮತ್ತು ಒಂದು ಬೆಟ್ಟ ಇದ್ದವು.

ರೈಲಿನ ಲೆಕ್ಕ ಇನ್ನೂ ಕಠಿಣವಾದದ್ದು. ಈಗ ಓಡುವ, ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯೊಂದರ ಉದ್ದ ಸುಮಾರು ಇಪ್ಪತ್ತಮೂರೂವರೆ ಮೀಟರ್. ಎಚ್‌ಓದಲ್ಲಿ 27 ಸೆಂಟಿಮೀಟರ್. ಇಪ್ಪತ್ತನಾಲ್ಕು ಬೋಗಿಗಳ ಒಂದು ಎಕ್ಸ್‌ಪ್ರೆಸ್ ಆರೂವರೆ ಮೀಟರ್ ಉದ್ದವಾಗುತ್ತದೆ, ಅದೂ ಎಂಜಿನ್ ಬಿಟ್ಟು. ನಿಮ್ಮಲ್ಲಿ ಹೆಚ್ಚಿನವರ ಹಜಾರವೇ ಅಷ್ಟು ಉದ್ದವಿರಲಾರದು. ಜೊತೆಗೆ ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ನಡುವಿನ ಅಂತರ ಹದಿನಾರೂವರೆ ಮಿಲಿಮೀಟರ್, ಅದು 1435 ಮಿಲಿಮೀಟರಿನ ವಿದೇಶೀ ಹಳಿಗೆ ಹೊಂದುವಂಥದ್ದು. ನಮ್ಮ 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಹತ್ತೊಂಬತ್ತಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಹಾಗಾಗಿ ನಮ್ಮ ದೊಡ್ಡ ರೈಲನ್ನು ಆ ಹಳಿಯ ಮೇಲೆ ನಿಲ್ಲಿಸಿದರೆ ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ.

ನನಗೆ ದಾರಿ ತೋರಿಸಿದ್ದು ಯಲಹಂಕದಿಂದ ದೇವನಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗ. ಅದು ಈಗ ಬ್ರಾಡ್ ಗೇಜ್. ಹಿಂದೆ ಎರಡೂವರೆ ಅಡಿಯ, ಎಂದರೆ 762 ಮಿಲಿಮೀಟರಿನ ನ್ಯಾರೋ ಗೇಜ್ ಆಗಿತ್ತು. 762ನ್ನು 87ರಿಂದ ಭಾಗಿಸಿದರೆ ಎಂಟೂಮುಕ್ಕಾಲು ಬರುತ್ತದೆ, ಮತ್ತು ಎಚ್‌ಓಗಿಂತ ಚಿಕ್ಕದಾದ ಎನ್ ಎಂಬ ಅಳತೆಯ ಹಳಿ 9 ಮಿಲಿಮೀಟರಿನದು. ಕಾಲು ಮಿಲಿಮೀಟರಿನ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯಲಾರದು. ಎನ್ ಹಳಿಯ ಮೇಲೆ ಎಚ್‌ಓ ಅಳತೆಯ ಊರು: ಚಿಕ್ಕ ಗಾಡಿ, ಚಿಕ್ಕ ನಿಲ್ದಾಣ, ಒಂದೆರಡು ಬೋಗಿ. ಹಲಗೆಗೆ ಜಾಗ ಸಾಲದು ಎಂಬ ದೂರು ಅಲ್ಲಿಗೆ ಮುಗಿಯಿತು, ಏಕೆಂದರೆ ಆ ಮಾರ್ಗದ ನಿಲ್ದಾಣಗಳೇ ಅಷ್ಟು ಚಿಕ್ಕವು.

ಇನ್ನು ಇಂದಿನ ವಿಷಯಕ್ಕೆ ಬರುತ್ತೇನೆ. ದೃಶ್ಯ ಮತ್ತು ಕಟ್ಟಡಗಳ ಕುರಿತು ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಒಂದೇ ಸಂಗತಿಯ ಸುತ್ತ ಇದೆ, ಅದು ಸಂದು. ಗೋಡೆ ನೆಲವನ್ನು ಮುಟ್ಟುವ ಜಾಗ, ಹಳಿ ಮಣ್ಣಿಗೆ ಸೇರುವ ಜಾಗ, ಬಂಡೆ ಹುಲ್ಲಿನೊಳಗೆ ಇಳಿಯುವ ಜಾಗ, ನೆಲ ಆಕಾಶಕ್ಕೆ ತಾಗುವ ಜಾಗ. ನಾವು ವಾರಗಟ್ಟಲೆ ಕುಳಿತು ಕಿಟಕಿಯ ಸರಳುಗಳನ್ನು ಕೂದಲಿನಷ್ಟು ಸಣ್ಣಗೆ ಮಾಡುತ್ತೇವೆ. ನೋಡಲು ಬಂದವರ ಕಣ್ಣು ಮಾತ್ರ ಆ ಕಟ್ಟಡದ ಅಡಿಯಲ್ಲಿ ಕಾಣುವ ಒಂದು ಕಪ್ಪು ಗೆರೆಯ ಮೇಲೆ ಹೋಗಿ ನಿಲ್ಲುತ್ತದೆ. ನೆಲದ ಮೇಲೆ ಇಟ್ಟ ಪೆಟ್ಟಿಗೆ ಅದು ಎಂದು ಆ ಗೆರೆ ಕೂಗಿ ಹೇಳುತ್ತಿರುತ್ತದೆ.

ಇಲ್ಲಿ ಸ್ವಲ್ಪ ಬೇರೆ ಕಡೆಗೆ ಹೊರಳುತ್ತೇನೆ. ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಬೆಳೆದವರಿಗೆ ಈ ಹವ್ಯಾಸ ತೀರ ಹೊಸದೇನೂ ಅಲ್ಲ. ಹಬ್ಬಕ್ಕೆ ಒಂದು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಅಥವಾ ಸಾಸಿವೆ ಚೆಲ್ಲಿ, ಮೊಳಕೆ ಬಂದಾಗ ಅದನ್ನೇ ಉದ್ಯಾನವೆಂದು ಕರೆದು, ನಡುವೆ ಕನ್ನಡಿಯ ತುಂಡಿಟ್ಟು ಕೊಳ ಮಾಡಿದ್ದೇವೆ. ಪಟ್ಟದ ಬೊಂಬೆ ದೇವಸ್ಥಾನದ ಗೋಪುರಕ್ಕಿಂತ ಎತ್ತರವಾಗಿದ್ದರೂ ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಅಲ್ಲಿ ನೋಡುವವರು ಕಥೆಯನ್ನು ನೋಡುತ್ತಾರೆ. ಮಾದರಿ ರೈಲಿನಲ್ಲಿ ಆ ಸಲುಗೆ ಇಲ್ಲ. ಹಲಗೆಯ ಉದ್ದಕ್ಕೂ ಎರಡು ಹಳಿಗಳು ಒಂದು ಅಳತೆಗೋಲನ್ನು ಚಾಚಿ ಇಟ್ಟಿರುತ್ತವೆ. ಮಿಕ್ಕ ಎಲ್ಲವನ್ನೂ ಕಣ್ಣು ಅದರೊಂದಿಗೆ ಹೋಲಿಸುತ್ತದೆ. 5 ಸೆಂಟಿಮೀಟರ್ ಬೆಳೆದ ರಾಗಿಯ ಮೊಳಕೆ ನನ್ನ ಹಲಗೆಯ ಮೇಲೆ ಹದಿನಾಲ್ಕು ಅಡಿಯ ಹುಲ್ಲು!

ಹಲಗೆಯಿಂದಲೇ ಆರಂಭಿಸೋಣ. ಈ ಭಾಗವನ್ನು ಬೇಗ ಮುಗಿಸುತ್ತೇನೆ. 6 ಮಿಲಿಮೀಟರ್ ಪ್ಲೈವುಡ್, ಅಡಿಯಲ್ಲಿ ಮರದ ಚೌಕಟ್ಟು, ಮೇಲೆ ಒಂದು ಅಂಗುಲ ದಪ್ಪದ ಥರ್ಮೋಕೋಲ್. ಪ್ಲೈವುಡ್ಡಿನ ಎರಡೂ ಮುಖಗಳಿಗೆ ಬಣ್ಣ ಬಳಿಯಿರಿ. ಒಂದೇ ಮುಖಕ್ಕೆ ಬಳಿದರೆ ಮಳೆಗಾಲದಲ್ಲಿ ಇನ್ನೊಂದು ಮುಖ ಮಾತ್ರ ತೇವ ಹೀರಿ ಹಲಗೆ ದೋಣಿಯಂತೆ ಬಾಗುತ್ತದೆ. ಥರ್ಮೋಕೋಲಿಗೆ ಸ್ಪ್ರೇ ಬಣ್ಣವನ್ನಾಗಲಿ, ಚಪ್ಪಲಿ ಅಂಟಿಸುವ ರಬ್ಬರ್ ಅಂಟನ್ನಾಗಲಿ ತಾಗಿಸಬೇಡಿ. ಅವುಗಳಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ನನ್ನ ಮೊದಲ ಬೆಟ್ಟಕ್ಕೆ ರಾತ್ರಿ ಹತ್ತು ಗಂಟೆಗೆ ಬೂದು ಬಣ್ಣದ ಸ್ಪ್ರೇ ಹೊಡೆದು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಬೆಟ್ಟವಿದ್ದ ಜಾಗದಲ್ಲಿ ಜೇನುಗೂಡಿನಂಥ ಒಂದು ಕಣಿವೆ ಇತ್ತು.

ಬೆಟ್ಟದ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಸುತ್ತಲ ಬಯಲಿನಿಂದ ಲೆಕ್ಕ ಹಾಕಿದರೂ 500 ಮೀಟರಿಗೆ ಕಡಿಮೆಯಿಲ್ಲ. ಎಚ್‌ಓದಲ್ಲಿ ಅದು ಸುಮಾರು ಹತ್ತೊಂಬತ್ತು ಅಡಿ. ಅದನ್ನು ಹತ್ತು ಅಂಗುಲಕ್ಕೆ ಇಳಿಸಿ ಹಲಗೆಯ ಮೂಲೆಯಲ್ಲಿ ಕೂರಿಸಿದರೆ ಬೆಟ್ಟವಾಗದೆ ಮಣ್ಣಿನ ಗುಪ್ಪೆಯಾಗುತ್ತದೆ. ಬೆಟ್ಟವನ್ನು ಹಿಂಬದಿಯ ಪರದೆಯ ಮೇಲೆ, ತೆಳು ನೀಲಿ ಬೂದಿಯಲ್ಲಿ, ಅಂಚು ಮಸುಕಾಗಿ ಬರೆಯುವುದೇ ಸರಿ. ಹಲಗೆಯ ಮೇಲೆ ಮಾಡಬೇಕಾದದ್ದು ಬೆಟ್ಟದಿಂದ ಉರುಳಿ ಬಂದಂತೆ ಬಯಲಿನಲ್ಲಿ ಬಿದ್ದಿರುವ ಗುಂಡುಗಳನ್ನು, ನೆಲದಿಂದ ಬೆನ್ನೆತ್ತಿರುವ ಹಾಸುಬಂಡೆಯನ್ನು.

ವಿದೇಶೀ ಕೈಪಿಡಿಗಳನ್ನು ಓದಿ ಕಲಿತವರು ಇಲ್ಲಿಯೇ ಎಡವುತ್ತಾರೆ, ನಾನೂ ಎಡವಿದ್ದೇನೆ. ಬಂಡೆ ಎರಕ ಹೊಯ್ಯಲು ಸಿಗುವ ರಬ್ಬರ್ ಅಚ್ಚುಗಳಲ್ಲಿ ಚೂಪು ಮೂಲೆಗಳ, ಪದರು ಪದರಾಗಿ ಸೀಳಿದ ಹಿಮಪರ್ವತಗಳ ಕಲ್ಲು ಇರುತ್ತದೆ. ನಮ್ಮದು ಲಾಲ್‌ಬಾಗಿನ ಬಂಡೆಯ ಕುಲ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಶಿಲೆ ಗಾಳಿ ಮಳೆ ಬಿಸಿಲಿಗೆ ಸವೆದು ಆನೆಯ ಬೆನ್ನಿನಂತೆ ದುಂಡಾಗಿದೆ. ಅದನ್ನು ಮಾಡುವುದು ನಿಜಕ್ಕೂ ಸುಲಭ. ಥರ್ಮೋಕೋಲ್ ತುಂಡನ್ನು ಬ್ಲೇಡಿನಿಂದ ಕೆತ್ತಿ, ಉಜ್ಜುಕಾಗದದಿಂದ ದುಂಡಗೆ ಮಾಡಿ, ಅದರ ಮೇಲೆ ಗೋಡೆಗೆ ಬಳಸುವ ಪುಟ್ಟಿಯನ್ನು ಎರಡು ಬಾರಿ ತೆಳುವಾಗಿ ಬಳಿದು, ಒಣಗುವ ಮುನ್ನ ಒದ್ದೆ ಸ್ಪಂಜಿನಿಂದ ತಟ್ಟಿದರೆ ಕಲ್ಲಿನ ಹೊರಮೈಯ ತರಿ ಬರುತ್ತದೆ. ಬಣ್ಣ ತೆಳು ಬೂದು, ಅದರಲ್ಲಿ ಒಂದಿಷ್ಟು ಗುಲಾಬಿ ಛಾಯೆ. ಆಮೇಲೆ ಬರುವುದು ಬಹಳ ಮುಖ್ಯವಾದ ಕೆಲಸ. ನಮ್ಮ ಬಂಡೆಗಳ ಮೇಲೆ ಮಳೆನೀರು ಇಳಿಯುವ ಜಾಡಿನಲ್ಲಿ ಕಪ್ಪು ಪಟ್ಟೆಗಳಿರುವುದನ್ನು ನೀವೆಲ್ಲ ನೋಡಿದ್ದೀರಿ. ಅವನ್ನು ಕುಂಚದಿಂದ ಬರೆಯಲು ಹೋದರೆ ಜೀಬ್ರಾ ಆಗುತ್ತದೆ. ಬಂಡೆಯ ನೆತ್ತಿಯ ಮೇಲೆ ತುಂಬ ನೀರು ಬೆರೆಸಿದ ಕಪ್ಪು ಜಲವರ್ಣದ ಒಂದು ಹನಿ ಬಿಟ್ಟು, ಅದರ ಮೇಲೆ ಶುದ್ಧ ನೀರಿನ ಇನ್ನೊಂದು ಹನಿ ಬಿಡಿ. ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಇಳಿಯುತ್ತದೆ. ಬೆಟ್ಟದ ಮೇಲೆ ಮಳೆಗಾಲಗಳು ಮಾಡಿದ ಕೆಲಸವನ್ನೇ ಎರಡು ಹನಿಗಳು ಅರ್ಧ ನಿಮಿಷದಲ್ಲಿ ಮಾಡುತ್ತವೆ. ಕೊನೆಗೆ ಬಂಡೆಯನ್ನು ನೆಲದ ಮೇಲೆ ಇಡದೆ, ಥರ್ಮೋಕೋಲಿನಲ್ಲಿ ಅದರ ಆಕಾರದ ಗುಳಿ ಕೊರೆದು ಮೂರರಲ್ಲಿ ಒಂದು ಪಾಲನ್ನಾದರೂ ಒಳಗೆ ಹುದುಗಿಸಿ. ನೆಲದ ಮೇಲೆ ಕಾಣುವುದು ಬಂಡೆಯ ತುದಿ ಮಾತ್ರ ಎನ್ನಿಸಬೇಕು.

ಮಣ್ಣಿಗೆ ನಮ್ಮ ಮಣ್ಣೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ನೇರವಾಗಿ ಬಳಸಿದರೆ ಮೂರು ತೊಂದರೆಗಳಿವೆ. ಅದರಲ್ಲಿ ಹುಳ ಹುಪ್ಪಟೆ ಇರುತ್ತವೆ, ಬೀಜಗಳಿರುತ್ತವೆ. ಹಾಗಾಗಿ ಹಳೆಯ ಬಾಣಲೆಯೊಂದರಲ್ಲಿ ಚೆನ್ನಾಗಿ ಹುರಿಯಬೇಕು. (ಅಡುಗೆಗೆ ಬಳಸದ ಬಾಣಲೆ ಎಂದು ಸ್ಪಷ್ಟವಾಗಿ ಹೇಳುತ್ತಿದ್ದೇನೆ; ಈ ವಿಷಯದಲ್ಲಿ ನನ್ನ ಮನೆಯಲ್ಲಿ ನಡೆದ ಮಾತುಕತೆಯ ವಿವರಕ್ಕೆ ಹೋಗುವುದಿಲ್ಲ.) ಅಭ್ರಕದ ಚೂರುಗಳಿದ್ದರೆ ದೀಪದ ಬೆಳಕಿನಲ್ಲಿ ನೆಲದ ತುಂಬ ಕನ್ನಡಿ ಒಡೆದಂತೆ ಮಿಂಚುತ್ತವೆ, ಅಂಥ ಮಣ್ಣನ್ನು ಬಿಟ್ಟುಬಿಡಿ. ಮೂರನೆಯದು ಬಣ್ಣ. ಅಂಟು ತಾಗಿದ ಮಣ್ಣು ಒಣಗಿದ ಮೇಲೂ ಒಂದು ಪಾಲು ಗಾಢವಾಗಿಯೇ ಉಳಿಯುತ್ತದೆ. ಅಲ್ಲದೆ ನಾವು ಒಂದು ಮೀಟರ್ ದೂರದಿಂದ ನೋಡುವ ಹಲಗೆ ನಿಜದಲ್ಲಿ 87 ಮೀಟರ್ ದೂರದ ನೋಟ. ಅಷ್ಟು ದೂರದಲ್ಲಿ ಯಾವ ಬಣ್ಣವೂ ತನ್ನ ಪೂರ್ತಿ ಕಾವಿನಲ್ಲಿ ಕಾಣುವುದಿಲ್ಲ, ಗಾಳಿಯಲ್ಲಿ ತುಸು ತೊಳೆದಂತೆ ಕಾಣುತ್ತದೆ. ಆದ್ದರಿಂದ ದೇವನಹಳ್ಳಿಯ ಕೆಂಪು ಮಣ್ಣನ್ನು ದೇವನಹಳ್ಳಿಯ ಕೆಂಪಾಗಿ ಕಾಣಿಸಬೇಕಾದರೆ ಅದಕ್ಕೆ ಸೀಮೆಸುಣ್ಣದ ಪುಡಿಯನ್ನೋ ತೆಳು ಬೂದಿಯನ್ನೋ ಬೆರೆಸಬೇಕು. ಎಷ್ಟು ಎಂಬುದನ್ನು ಒಂದು ರಟ್ಟಿನ ತುಂಡಿನ ಮೇಲೆ ಅಂಟು ಹಾಕಿ ಒಣಗಿಸಿ ನೋಡಿಯೇ ತೀರ್ಮಾನಿಸಿ. ಮನೆ, ಕಂಬ, ಮರ ಯಾವುದಕ್ಕೂ ಇದೇ ನಿಯಮ: ಡಬ್ಬಿಯಿಂದ ತೆಗೆದ ಬಣ್ಣ ಯಾವಾಗಲೂ ಜೋರು.

ನೆರಳಿನಲ್ಲಿರುವ ಕಪ್ಪು ಮಣ್ಣಿಗೆ ಫಿಲ್ಟರ್ ಕಾಫಿಯ ಚರಟ ಬಹಳ ಚೆನ್ನಾಗಿ ಒದಗುತ್ತದೆ, ಆದರೆ ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಬೇಕು. ನಾನು ಒಂದೇ ದಿನ ಒಣಗಿಸಿ ಹರಡಿದ್ದರಿಂದ ಆಷಾಢದಲ್ಲಿ ನನ್ನ ಗೂಡ್ಸ್ ಶೆಡ್ಡಿನ ಹಿಂದೆ ಬಿಳಿ ಬೂಷ್ಟು ಎದ್ದಿತು. ಮೈದಾ ಅಂಟನ್ನೂ ಬಳಸಬೇಡಿ. ಇರುವೆ ಮತ್ತು ಜಿರಳೆಗಳಿಗೆ ಅದು ಔತಣ.

ಹಳಿಯ ಜಲ್ಲಿಗೆ ವಿದೇಶೀ ಪೊಟ್ಟಣ ಕೊಳ್ಳುವ ಅಗತ್ಯ ಈ ಊರಿನಲ್ಲಿ ಇಲ್ಲವೇ ಇಲ್ಲ. ಮನೆ ಕಟ್ಟುವ ಕಡೆಯೆಲ್ಲ ರಾಶಿ ಬಿದ್ದಿರುವ ಎಂ-ಸ್ಯಾಂಡ್ ಎಂಬುದು ಪುಡಿ ಮಾಡಿದ ಗ್ರಾನೈಟ್, ಎಂದರೆ ರೈಲ್ವೆಯವರು ಹಾಕುವ ಜಲ್ಲಿಯ ಅದೇ ಕಲ್ಲು. ಚೂಪು ಮೂಲೆಗಳೂ ಅದೇ, ಬಣ್ಣವೂ ಅದೇ. ದೊಡ್ಡ ಮಾರ್ಗದ ಜಲ್ಲಿಯ ಗರಿಷ್ಠ ಗಾತ್ರ 65 ಮಿಲಿಮೀಟರ್, ನಮ್ಮಲ್ಲಿ ಅದು ಮುಕ್ಕಾಲು ಮಿಲಿಮೀಟರ್. ಚಹಾ ಸೋಸುವ ಜಾಲರಿಯಲ್ಲಿ ಇಳಿದದ್ದನ್ನು ಹಿಟ್ಟಿನ ಜರಡಿಯಲ್ಲಿ ಮತ್ತೆ ಹಿಡಿದು, ಜರಡಿಯ ಮೇಲೆ ಉಳಿದದ್ದನ್ನು ಇಟ್ಟುಕೊಳ್ಳಿ. ಕೆಳಗಿಳಿದ ಧೂಳನ್ನೂ ಎಸೆಯಬೇಡಿ, ರಸ್ತೆಗೆ ಬೇಕು. ಆಮೇಲೆ ಅದರ ನಡುವೆ ಅಯಸ್ಕಾಂತವೊಂದನ್ನು ಎರಡು ಮೂರು ಸಲ ಆಡಿಸಿ. ಮರಳಿನಲ್ಲಿರುವ ಕಬ್ಬಿಣದ ಕಣ ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಹೋಗಿ ಅಂಟಿಕೊಂಡರೆ ಎಂಜಿನ್ ಬಿಚ್ಚುವವರೆಗೂ ಕಾರಣ ತಿಳಿಯುವುದಿಲ್ಲ.

ಜಲ್ಲಿಯನ್ನು ಒಣಗಿರುವಾಗಲೇ ಕುಂಚದಿಂದ ಜೋಡಿಸಿ, ಹಳಿಯ ಬದಿಗೆ ಅಂಟಿದ ಕಣಗಳನ್ನು ಬೆರಳಿನಿಂದ ತಟ್ಟಿ ಕೆಡವಿ, ಮೊದಲು ಬರಿ ನೀರನ್ನು ಮಂಜಿನಂತೆ ಸಿಂಪಡಿಸಿ. ನಂತರ ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಇವಿಷ್ಟನ್ನು ಬೆರೆಸಿ ಸೂಜಿಯಿಲ್ಲದ ಸಿರಿಂಜಿನಿಂದ ಸ್ಲೀಪರ್‌ಗಳ, ಎಂದರೆ ಹಳಿಯ ಅಡಿಯ ಅಡ್ಡಪಟ್ಟಿಗಳ, ನಡುವೆ ಬಿಡಿ. ಆ ಸಾಬೂನಿನ ಹನಿ ಇಲ್ಲದಿದ್ದರೆ ಅಂಟು ಮಣಿಯಂತೆ ಉರುಳಿ ಜಲ್ಲಿಯನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಒಂದು ರಾತ್ರಿ ಬಿಡಿ, ಮಳೆಗಾಲವಾದರೆ ಎರಡು. ನನ್ನಂತೆ ಎನ್ ಹಳಿಯನ್ನು ನ್ಯಾರೋ ಗೇಜಿಗೆ ಬಳಸುವವರಿಗೆ ಇನ್ನೊಂದು ಮಾತು: ಆ ಹಳಿಯ ಸ್ಲೀಪರ್‌ಗಳು ನಮ್ಮ ಅಳತೆಗೆ ತೀರ ಒತ್ತೊತ್ತಾಗಿರುತ್ತವೆ. ಅವನ್ನು ಜಲ್ಲಿ ಮಣ್ಣು ಬೆರೆಸಿ ಹೆಚ್ಚು ಕಡಿಮೆ ಮುಚ್ಚಿಬಿಡಿ, ಅಲ್ಲಲ್ಲಿ ಒಂದೊಂದು ತಲೆ ಕಂಡರೆ ಸಾಕು. ನಿಲ್ದಾಣದ ಅಂಗಳದಲ್ಲಿ ಹಳಿ ಮಣ್ಣಿನಲ್ಲಿ ಅರ್ಧ ಹೂತುಹೋಗಿರುವುದೇ ಆ ಚಿಕ್ಕ ಮಾರ್ಗಗಳ ಲಕ್ಷಣವಾಗಿತ್ತು.

ಇನ್ನು ಕಟ್ಟಡ. ಯಾವ ಕಟ್ಟಡವನ್ನಾದರೂ ಬಾಗಿಲಿನಿಂದ ಅಳೆಯಿರಿ ಎಂಬುದು ನನ್ನ ಅನುಭವದ ಮಾತು. ಏಳು ಅಡಿಯ ಬಾಗಿಲು ಎಚ್‌ಓದಲ್ಲಿ 24 ಮಿಲಿಮೀಟರ್, ಎನ್‌ನಲ್ಲಿ 13. ಕಟ್ಟಡದ ನೇರ ಮುಂದೆ ನಿಂತು ತೆಗೆದ ಒಂದು ಛಾಯಾಚಿತ್ರವಿದ್ದರೆ, ಬಾಗಿಲನ್ನು ಏಳಡಿ ಎಂದು ಹಿಡಿದು ಉಳಿದ ಎಲ್ಲವನ್ನೂ ಲೆಕ್ಕ ಹಾಕಬಹುದು. ಇಟ್ಟಿಗೆ ಕಾಣುತ್ತಿದ್ದರೆ ಇನ್ನೂ ಒಳ್ಳೆಯದು, ಗಾರೆಯೂ ಸೇರಿ ಒಂದು ವರಸೆ ನಮ್ಮಲ್ಲಿ ಸುಮಾರು 1 ಮಿಲಿಮೀಟರ್. ನಿಲ್ದಾಣದಲ್ಲಿ ಟೇಪು ಹಿಡಿದು ಅಳೆಯುವವರು ಮೊದಲು ಸ್ಟೇಷನ್ ಮಾಸ್ಟರರನ್ನು ಕೇಳಿ. ವಿಷಯ ಹೇಳಿದರೆ ಸಾಮಾನ್ಯವಾಗಿ ಅವರೇ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ. ಹಳೆಯ ಗಾಡಿಗಳನ್ನು ಹತ್ತಿರದಿಂದ ನೋಡಬೇಕೆಂದರೆ ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯಕ್ಕಿಂತ ಒಳ್ಳೆಯ ಜಾಗ ನಮಗೆ ಹತ್ತಿರದಲ್ಲಿ ಬೇರೆ ಇಲ್ಲ.

ಗೋಡೆಗೆ ನಾನು ಬಳಸುವುದು ಎರಡು ಮಿಲಿಮೀಟರಿನ ಮೌಂಟ್ ಬೋರ್ಡು ಎಂಬ ದಪ್ಪ ರಟ್ಟು. ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಸಿಗುತ್ತದೆ. ಸನ್‌ಬೋರ್ಡು ಎಂಬ ಹಗುರ ಪ್ಲಾಸ್ಟಿಕ್ ಹಾಳೆ ಕತ್ತರಿಸಲು ಸುಲಭ, ಆದರೆ ಅದರ ಅಂಚು ಬಣ್ಣವನ್ನು ಹಿಡಿಯುವುದಿಲ್ಲ. ಕಲ್ಲಿನ ಗೋಡೆಗೆ ಬೋರ್ಡಿನ ಮೇಲೆ ತೆಳುವಾಗಿ ಪುಟ್ಟಿ ಬಳಿದು, ಅರೆ ಒಣಗಿದಾಗ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ವರಸೆಗಳನ್ನು ಗೀರಿ. ಛಾಯಾಚಿತ್ರವನ್ನೇ ಮುದ್ರಿಸಿ ಅಂಟಿಸುವ ಪದ್ಧತಿಯೂ ಇದೆ, ಕೆಟ್ಟದ್ದೇನಲ್ಲ, ಆದರೆ ಗೋಡೆಯ ಮೂಲೆಯಲ್ಲಿ ಕಾಗದದ ಬಿಳಿ ಅಂಚು ಕಂಡರೆ ಇಡೀ ಕಟ್ಟಡ ರಟ್ಟಿನ ಡಬ್ಬಿಯಾಗುತ್ತದೆ. ಬಣ್ಣದ ಪೆನ್ಸಿಲಿನಿಂದ ಆ ಅಂಚನ್ನು ಮೊದಲೇ ತೀಡಬೇಕು. ಇದೂ ಒಂದು ಸಂದೇ.

ಮಾಡು, ಎಂದರೆ ಚಾವಣಿ, ಹೊದಿಸುವ ಕೆಲಸಕ್ಕೆ ತಾಳ್ಮೆ ಬೇಕು, ಆದರೆ ನೀವು ಹೆದರಿಕೊಂಡಷ್ಟು ಬೇಡ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಹೆಂಚು ನಮ್ಮ ನಿಲ್ದಾಣ, ಶಾಲೆ, ಮನೆಗಳ ಗುರುತೇ ಆಗಿಬಿಟ್ಟಿದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಎಂಟು ಮೀಟರ್ ಉದ್ದದ, ಎರಡೂ ಇಳಿಜಾರು ಮೂರು ಮೂರು ಮೀಟರಿನ ಪುಟ್ಟ ಮಾಡಿಗೆ ಏಳುನೂರಕ್ಕೂ ಹೆಚ್ಚು ಹೆಂಚು. ಒಂದೊಂದನ್ನೇ ಕತ್ತರಿಸಿ ಅಂಟಿಸಿದವರನ್ನು ನಾನು ಬಲ್ಲೆ. ಅವರ ಕೈಗೆ ನಮಸ್ಕಾರ. ನಾನು ಮಾಡುವುದು ಇಷ್ಟು: ಚಾರ್ಟ್ ಕಾಗದದ ಮೇಲೆ ಎರಡೂವರೆ ಮಿಲಿಮೀಟರಿಗೊಂದರಂತೆ ಖಾಲಿ ಪೆನ್ನಿನಿಂದ ಗಟ್ಟಿಯಾಗಿ ಗೀರಿ, ಅದನ್ನು ಐದು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಅಡ್ಡ ಕತ್ತರಿಸಿ, ಸೂರಿನಿಂದ ಆರಂಭಿಸಿ ಒಂದರ ಮೇಲೊಂದು ತುಸು ಏರುವಂತೆ ಅಂಟಿಸುತ್ತಾ ಮೇಲಕ್ಕೆ ಹೋಗುವುದು. ಹೆಂಚು ಹೊದಿಸುವವರು ಕೆಳಗಿನಿಂದಲೇ ಮೇಲಕ್ಕೆ ಹೋಗುತ್ತಾರೆ. ನೀವು ಮೇಲಿನಿಂದ ಆರಂಭಿಸಿದರೆ ಮಳೆನೀರು ಒಳಗೆ ನುಗ್ಗುವ ಮಾಡು ತಯಾರಾಗುತ್ತದೆ. ಒಂದು ಇಳಿಜಾರಿಗೆ ಒಂಬತ್ತು ಪಟ್ಟಿ, ಎರಡಕ್ಕೆ ಹದಿನೆಂಟು, ಒಂದು ಭಾನುವಾರದ ಮಧ್ಯಾಹ್ನ. ಬಣ್ಣಕ್ಕೆ ಕೆಮ್ಮಣ್ಣು. ಒಣಗಿದ ಮೇಲೆ ಅಲ್ಲಲ್ಲಿ ನಾಲ್ಕೈದು ಹೆಂಚುಗಳನ್ನು ಮಾತ್ರ ತುಸು ಹೊಸ ಕೆಂಪಿನಲ್ಲಿ ತೀಡಿ. ಕೋತಿ ಒಡೆದದ್ದನ್ನು ಬದಲಿಸಿದ ಹಾಗೆ. ಹಿಂಬದಿಯಲ್ಲಿ ಒಂದು ಮನೆ ಬೇಕಾದರೆ ಹಳೆಯ ಬೆಂಗಳೂರಿನ ಮಂಕಿ ಟಾಪ್, ಎಂದರೆ ಕಿಟಕಿ ಮುಖಮಂಟಪಗಳ ಮೇಲಿನ ಮರದ ಚೂಪು ಮುಚ್ಚಿಗೆ, ಇರುವ ಬಂಗಲೆ ಮಾಡಿ. ಅದರ ಮರದ ಜಾಲರಿಗೆ ಸೊಳ್ಳೆಪರದೆಯ ತುಂಡನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿ ಬಳಸಬಹುದು. ಆ ಬಂಗಲೆಯನ್ನು ಪೂರ್ತಿ ಕಟ್ಟಬೇಕಾಗಿಲ್ಲ; ಮುಂಭಾಗವೊಂದು, ಎರಡು ಸೆಂಟಿಮೀಟರ್ ಆಳ, ಹಿಂದೆ ಪರದೆ. ಚಿಕ್ಕ ಹಲಗೆಯ ಹಿಂಬದಿಯ ಕಟ್ಟಡಗಳೆಲ್ಲ ಹೀಗೆ ಅರೆ ಆಳದವೇ ಆಗಿರಲಿ ಎಂಬುದು ನನ್ನ ಸಲಹೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗಾಗಿ ನೂರರಲ್ಲಿ ಒಂದು ಅಳತೆಯ ಬಿಳಿ ಬೊಂಬೆಗಳು ಸಿಗುತ್ತವೆ. ಅವನ್ನು ಆ ಮನೆಯ ಮುಂದೆ ನಿಲ್ಲಿಸಿದರೆ ಗಾತ್ರ ತುಸು ಕಡಿಮೆಯಾದ್ದರಿಂದ ಮನೆ ಇನ್ನೂ ದೂರದಲ್ಲಿರುವಂತೆ ತೋರುತ್ತದೆ.

ಈಗ ಗೋಡೆ ಮಣ್ಣಿಗೆ ಸೇರುವ ಆ ಜಾಗ. ಮಳೆ ಬಂದು ನಿಂತ ಮೇಲೆ ಹಳೆಯ ಕಟ್ಟಡವೊಂದರ ಬುಡವನ್ನು ಬಗ್ಗಿ ನೋಡಿದ್ದೀರಾ? ಮೂರು ಸಂಗತಿಗಳು ಕಾಣುತ್ತವೆ. ಸೂರಿನಿಂದ ಬೀಳುವ ನೀರು, ಗೋಡೆಯಿಂದ ಎರಡಡಿ ದೂರದಲ್ಲಿ, ನೆಲದ ಮೇಲೆ ಸಾಲಾಗಿ ಚಿಕ್ಕ ಗುಳಿಗಳನ್ನು ತೋಡಿರುತ್ತದೆ. ಅಲ್ಲಿಂದ ಚಿಮ್ಮಿದ ಕೆಂಪು ನೀರು ಸುಣ್ಣದ ಗೋಡೆಯ ಮೇಲೆ ಒಂದು, ಒಂದೂವರೆ ಅಡಿಯವರೆಗೆ ಕಲೆ ಮಾಡಿರುತ್ತದೆ. ಕೆಳಗೆ ದಟ್ಟ, ಮೇಲಕ್ಕೆ ಹೋದಂತೆ ಚುಕ್ಕೆ ಚುಕ್ಕೆ. ಗೋಡೆಗೂ ಗುಳಿಗಳಿಗೂ ನಡುವಿನ ಒಣ ಪಟ್ಟಿಯಲ್ಲಿ ಸಣ್ಣ ಮಣ್ಣು ಗುಡ್ಡೆ ಕಟ್ಟಿ, ಕಾಲು ತಾಗದ ಕಡೆ ಹುಲ್ಲು ಬೆಳೆದಿರುತ್ತದೆ. ಗಟಾರದ ತಗಡಿಲ್ಲದ ಯಾವ ಹೆಂಚಿನ ಮನೆಗೂ ಇದು ತಪ್ಪಿದ್ದಲ್ಲ. ನಮ್ಮ ಅಳತೆಯಲ್ಲಿ ಗುಳಿಗಳ ಸಾಲು ಗೋಡೆಯಿಂದ 7 ಮಿಲಿಮೀಟರ್ ದೂರ. ಅಂಟು ಒಣಗುವ ಮೊದಲು ಗುಂಡುಪಿನ್ನಿನ ತಲೆಯಿಂದ ಒತ್ತುತ್ತಾ ಹೋದರೆ ಆಯಿತು. ಕಲೆ 5 ಮಿಲಿಮೀಟರ್ ಎತ್ತರ. ನೆಲಕ್ಕೆ ಬಳಸಿದ ಅದೇ ಮಣ್ಣಿನ ನುಣುಪು ಧೂಳನ್ನು ಒಣ ಕುಂಚದಿಂದ ಕೆಳಗಿನಿಂದ ಮೇಲಕ್ಕೆ ತಟ್ಟಬೇಕು. ಬೇರೆ ಕೆಂಪು ಬಳಸಿದರೆ ಗೋಡೆಗೆ ರೋಗ ಬಂದಂತೆ ಕಾಣುತ್ತದೆ; ಅದೇ ಮಣ್ಣು ಬಳಸಿದರೆ ಗೋಡೆಯೂ ನೆಲವೂ ಹಲವು ಮಳೆಗಾಲಗಳನ್ನು ಒಟ್ಟಿಗೆ ಕಳೆದಂತೆ ತೋರುತ್ತವೆ. ಇಷ್ಟಕ್ಕೆ ಬೇಕಾಗುವುದು ಕಾಲು ಗಂಟೆ. ನನ್ನ ನಿಲ್ದಾಣದ ಕಿಟಕಿಗಳಿಗೆ ಮೂರು ವಾರ ಹಿಡಿದಿತ್ತು, ಅವನ್ನು ಇದುವರೆಗೆ ಯಾರೂ ಹೊಗಳಿಲ್ಲ.

ಇದೆಲ್ಲ ಕೂಡಿಬರಬೇಕಾದರೆ ಕಟ್ಟಡಕ್ಕೆ ಪಾಯ ಬೇಕು. ಗೋಡೆಯ ಆಕಾರಕ್ಕೆ ಸರಿಯಾಗಿ ಥರ್ಮೋಕೋಲಿನಲ್ಲಿ ಎರಡು ಮಿಲಿಮೀಟರಿನ ಗುಳಿ ಕೊರೆದು, ಒಳಗೆ ಒಂದು ತುಂಡು ಬೋರ್ಡನ್ನು ಸಮತಟ್ಟಾಗಿ ಅಂಟಿಸಿ, ಕಟ್ಟಡವನ್ನು ಅದರೊಳಗೆ ಇಳಿಸಬೇಕು, ಅಂಟಿಸಬಾರದು. ಏಕೆ ಅಂಟಿಸಬಾರದು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಗಿಡ ಮರಗಳ ವಿಷಯದಲ್ಲಿ ನನ್ನದು ಸ್ವಲ್ಪ ಖಡಾಖಂಡಿತ ಅಭಿಪ್ರಾಯ. ಮಾದರಿ ಹಲಗೆಗಳ ಮೇಲೆ ಕಾಣುವ ಮರಗಳಲ್ಲಿ ಹೆಚ್ಚಿನವು ನಿಜದಲ್ಲಿ ಪೊದೆಗಳು. ಇಪ್ಪತ್ತು ಮೀಟರಿನ ಮಳೆಮರ ಎಚ್‌ಓದಲ್ಲಿ 23 ಸೆಂಟಿಮೀಟರ್ ಎತ್ತರ, ಹರವು ಅದಕ್ಕಿಂತ ಹೆಚ್ಚು. ಅಂಥ ಒಂದೇ ಒಂದು ಮರವನ್ನು ನಿಲ್ದಾಣದ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಇಪ್ಪತ್ತು ಚಿಕ್ಕ ಮರಗಳು ಮಾಡದ ಕೆಲಸವನ್ನು ಅದು ಮಾಡುತ್ತದೆ, ಜೊತೆಗೆ ಪರದೆಯ ಮೂಲೆಯನ್ನೂ ಮರೆಮಾಡುತ್ತದೆ. ಎಸ್.ಪಿ. ರಸ್ತೆಯಲ್ಲಿ ತೂಕಕ್ಕೆ ಸಿಗುವ ಹಳೆಯ ವಿದ್ಯುತ್ ತಂತಿಯ ಹೊದಿಕೆ ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಬುಡದಲ್ಲಿ ಹುರಿ ಹಾಕಿ, ಮೇಲಕ್ಕೆ ಹೋದಂತೆ ಕವಲು ಬಿಡಿಸಿದರೆ ರೆಂಬೆಗಳು ತಾವಾಗಿಯೇ ಬರುತ್ತವೆ. ಎಲೆಗೆ ಸ್ಪಂಜನ್ನು ಮಿಕ್ಸಿಯಲ್ಲಿ ನೀರಿನೊಂದಿಗೆ ಪುಡಿ ಮಾಡಿ ಬಣ್ಣ ಹಾಕುವುದು ಹಳೆಯ ಉಪಾಯ. ಈ ಭಾಗದ ಬಯಲಿಗೆ ಗುರುತು ಕೊಡುವುದು ಕತ್ತಾಳೆ ಮತ್ತು ಕಲ್ಲುಕಂಬ. ಕತ್ತಾಳೆಯನ್ನು ಹಸಿರು ಕಾಗದದ ಚೂಪು ನಕ್ಷತ್ರಗಳನ್ನು ಒಂದರ ಮೇಲೊಂದು ತಿರುಗಿಸಿ ಅಂಟಿಸಿ ಮಾಡಬಹುದು. ಹೂಬಿಟ್ಟ ಕತ್ತಾಳೆಯ ಕಂಬ 7 ಸೆಂಟಿಮೀಟರ್ ಎತ್ತರವಿರಲಿ, ಹಲಗೆಯಲ್ಲಿ ಒಂದೇ ಇರಲಿ. ದೇವನಹಳ್ಳಿಯ ಕಡೆಯ ದ್ರಾಕ್ಷಿ ತೋಟಗಳ ಕಲ್ಲುಕಂಬಗಳನ್ನು ಎರಡು ಸಾಲು ನೆಟ್ಟು ಮೇಲೆ ದಾರ ಎಳೆದರೂ ಸಾಕು, ಇದು ಯಾವ ಸೀಮೆ ಎಂದು ಹೇಳಬೇಕಾಗುವುದಿಲ್ಲ.

ಪ್ಲಾಟ್‌ಫಾರ್ಮಿನ ಮೇಲೆ ಸಾಮಾನು ತುಂಬಬೇಡಿ. ಒಂದು ಕಲ್ಲುಬೆಂಚು, ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದ ಹೆಸರು, ಗಂಟೆಯ ಬದಲಿಗೆ ತೂಗುಹಾಕಿದ ಹಳಿಯ ತುಂಡು. ಆ ತುಂಡಿಗೆ ಸ್ಟೇಪ್ಲರ್ ಪಿನ್ನಿನ ಒಂದು ಚೂರು ಸಾಕಾಗುತ್ತದೆ. ಅಂಗಡಿಯ ಬೊಂಬೆಗಳು ಕೋಟು ಹ್ಯಾಟು ತೊಟ್ಟಿರುತ್ತವೆ. ಹ್ಯಾಟನ್ನು ಅರದಿಂದ ಉಜ್ಜಿ ತೆಗೆದು, ಕೋಟಿನ ಮೇಲೆ ಅಂಟಿನಲ್ಲಿ ಅದ್ದಿದ ಟಿಶ್ಯೂ ಕಾಗದವನ್ನು ಸೆರಗಿನಂತೆ ಸುತ್ತಿದರೆ ಚಿಕ್ಕಬಳ್ಳಾಪುರದ ಗಾಡಿಗೆ ಕಾಯುವ ಹೆಂಗಸಾಗುತ್ತಾಳೆ.

ದೀಪಗಳ ಬಗ್ಗೆ ಒಬ್ಬರು ಮೊದಲೇ ಚೀಟಿ ಕಳಿಸಿದ್ದಾರೆ. 12 ವೋಲ್ಟಿನ ಸರಬರಾಜಿನಲ್ಲಿ ಬಿಳಿ ಎಲ್‌ಇಡಿಗೆ ಒಂದು ಕಿಲೋ ಓಮಿನ ರೆಸಿಸ್ಟರ್ ಹಾಕಿದರೆ ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ; ಅದು ಪುಟ್ಟ ನಿಲ್ದಾಣಕ್ಕೆ ಕ್ರಿಕೆಟ್ ಮೈದಾನದ ಬೆಳಕು. ಹತ್ತು ಕಿಲೋ ಓಮ್ ಹಾಕಿ, ಹಳದಿ ಛಾಯೆಯ ಎಲ್‌ಇಡಿ ಆರಿಸಿ. ಗೋಡೆಗಳ ಒಳಮೈಗೆ ಕಪ್ಪು ಬಳಿಯದಿದ್ದರೆ ಬೋರ್ಡಿನ ಮೂಲಕವೇ ಬೆಳಕು ಸೋರಿ ಕಟ್ಟಡ ದೀಪಾವಳಿಯ ಆಕಾಶಬುಟ್ಟಿಯಾಗುತ್ತದೆ. ಪಾಯದ ಸಂದಿನಿಂದ ಒಂದು ಗೆರೆ ಬೆಳಕು ಹೊರಬಂದರೂ ಹಗಲೆಲ್ಲ ಮಾಡಿದ ಕೆಲಸ ರಾತ್ರಿ ಬಯಲಾಗುತ್ತದೆ; ಹಾಗಾಗಿ ಗೋಡೆಯ ಬುಡದ ಒಳಬದಿಗೆ ಕಪ್ಪು ಉಣ್ಣೆಯ ದಾರವನ್ನು ಸುತ್ತಲೂ ಅಂಟಿಸುತ್ತೇನೆ.

ಕಟ್ಟಡವನ್ನು ಅಂಟಿಸಬಾರದು ಎಂದಿದ್ದಕ್ಕೆ ಈ ದೀಪಗಳೇ ಕಾರಣ. ಒಂದಲ್ಲ ಒಂದು ದಿನ ಬೆಸುಗೆ ಬಿಡುತ್ತದೆ, ಕಟ್ಟಡವನ್ನು ಎತ್ತಲೇಬೇಕಾಗುತ್ತದೆ, ಎತ್ತಿದಾಗ ನಾವು ಅಷ್ಟು ಜತನದಿಂದ ಮುಚ್ಚಿದ ಸಂದು ಬಿರಿಯುತ್ತದೆ. ಅದಕ್ಕಾಗಿ, ಮೊದಲ ದಿನ ಹುರಿದು ಜರಡಿ ಹಿಡಿದು ಸೀಮೆಸುಣ್ಣ ಬೆರೆಸಿದ ಆ ಮಣ್ಣಿನಲ್ಲಿ ಒಂದು ಹಿಡಿಯನ್ನು ಅಮೃತಾಂಜನದ ಹಳೆಯ ಸೀಸೆಯಲ್ಲಿ ತುಂಬಿ ಹಲಗೆಯ ಕೆಳಗಿನ ಚೌಕಟ್ಟಿಗೆ ಕಟ್ಟಿಟ್ಟಿದ್ದೇನೆ. ದೀಪ ಸರಿಪಡಿಸಿ ನಿಲ್ದಾಣವನ್ನು ಮತ್ತೆ ಪಾಯದೊಳಗೆ ಇಳಿಸಿದ ಮೇಲೆ, ಒಂದು ಚಿಟಿಕೆಯನ್ನು ಕುಂಚದ ತುದಿಯಲ್ಲಿ ತೆಗೆದುಕೊಂಡು ಗೋಡೆಯ ಬುಡದಲ್ಲಿ ಉದುರಿಸುತ್ತೇನೆ. ಅದಕ್ಕೆ ಅಂಟು ಹಾಕುವುದಿಲ್ಲ.